ರಾಯಚೂರಿನ ಬಿಸಿಲಿಗೆ ಕಪ್ಪು ಎಲೆಯ ಗಿಡ ಯಾವುದು? ಹ್ಯೂಕೆರಾ ಮತ್ತು ನಾಲ್ಕು ಗಿಡಗಳನ್ನು ಒಂದು ವರ್ಷ ಬೆಳೆಸಿ ನೋಡಿದ್ದು

ಕಪ್ಪು ಎಲೆ ಅಂದರೆ ನನಗೆ ತುಂಬಾ ಆಸೆ. ಹೂ ಬಿಡದಿದ್ದರೂ ಪರವಾಗಿಲ್ಲ, ಬದನೆಕಾಯಿ ಸಿಪ್ಪೆಯ ಬಣ್ಣದ ಎಲೆ ಇರುವ ಒಂದು ಗಿಡ ಹಸಿರಿನ ನಡುವೆ ಕೂತರೆ ಇಡೀ ಕಟ್ಟೆಗೆ ಕಳೆ ಬರುತ್ತದೆ. ಹಾಗಾಗಿ ಕಳೆದ ವರ್ಷ ನವೆಂಬರ್‌ನಲ್ಲಿ ಹ್ಯೂಕೆರಾ ತರಿಸಿದೆ. ಕೋರಲ್ ಬೆಲ್ಸ್ ಅನ್ನುತ್ತಾರಲ್ಲ, ಅದೇ. ಫೋಟೋದಲ್ಲಿ ನೋಡಿದವರಿಗೆ ಗೊತ್ತಿರುತ್ತದೆ, ನೆಲಕ್ಕೆ ಅಂಟಿದ ಗುಂಡನೆಯ ಗುಬುರು, ಅಂಚು ಸೀಳಿದ ಅಗಲ ಎಲೆ, ಕೆಲವು ಜಾತಿಗಳಲ್ಲಿ ಬಣ್ಣ ಇದ್ದಿಲಿನಷ್ಟೇ ಕಪ್ಪು. ಜೊತೆಗೆ ಇಲ್ಲಿಯೇ ಸುಲಭವಾಗಿ ಸಿಗುವ ನಾಲ್ಕು ಗಿಡಗಳನ್ನೂ ಹಾಕಿದೆ: ಕೋಲಿಯಸ್, ಪರ್ಪಲ್ ಹಾರ್ಟ್, ಹೆಮಿಗ್ರಾಫಿಸ್, ಆಲ್ಟರ್ನಾಂಥೆರಾ. ಒಂದು ಚಳಿಗಾಲ, ಒಂದು ಬೇಸಿಗೆ, ಒಂದು ಮಳೆಗಾಲ ಮುಗಿದಿದೆ. ಈಗ ಹೇಳಬಹುದು.

ನಮ್ಮ ಮನೆ ರಾಯಚೂರಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಬೋರಿನ ನೀರು ಗಡಸು, ಕುಂಡದ ಅಂಚಿಗೆ ತಿಂಗಳೊಳಗೆ ಬಿಳಿ ಉಪ್ಪು ಕಟ್ಟುತ್ತದೆ. ಮನೆ ಮುಂದಿನ ಕಟ್ಟೆಗೆ ಬೆಳಗಿನ ಬಿಸಿಲು ಹತ್ತೂವರೆವರೆಗೆ ಬರುತ್ತದೆ. ಮಾಳಿಗೆಗೆ ದಿನವಿಡೀ ಬಿಸಿಲು. ಹಿತ್ತಲಲ್ಲಿ ನಿಂಬೆ ಗಿಡದ ಕೆಳಗೆ, ನೀರಿನ ತೊಟ್ಟಿಯ ಪಕ್ಕ, ಪೂರ್ತಿ ನೆರಳು. ಈ ಮೂರು ಜಾಗದಲ್ಲೂ ಐದೂ ಗಿಡಗಳನ್ನು ಒಂದೊಂದು ಕಾಲದಲ್ಲಿ ಇಟ್ಟು ನೋಡಿದ್ದೇನೆ. ಮಣ್ಣು ಎಲ್ಲದಕ್ಕೂ ಒಂದೇ: ಮಸಾರಿ ಮಣ್ಣು, ಹಳೆಯ ಸಗಣಿ ಗೊಬ್ಬರ, ಸುಟ್ಟ ಭತ್ತದ ಹೊಟ್ಟು. ಹೊಟ್ಟಿಗೆ ನಮ್ಮಲ್ಲಿ ಕೊರತೆ ಇಲ್ಲ, ರೈಸ್ ಮಿಲ್ ಇರುವ ಊರಲ್ಲಿ ಇದ್ದು ಕೋಕೋಪೀಟ್‌ಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಎರೆಮಣ್ಣು ಮಾತ್ರ ಕುಂಡಕ್ಕೆ ಬೇಡ. ನೀರು ಹಿಡಿದು ಕೂರುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ.

ಹ್ಯೂಕೆರಾ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ದುಡ್ಡು, ನಿದ್ದೆ ಎರಡನ್ನೂ ತೆಗೆದುಕೊಂಡದ್ದು ಅದೇ. ಮೂರು ಗಿಡ ತರಿಸಿದ್ದೆ. ಎರಡು 'ಪ್ಯಾಲೆಸ್ ಪರ್ಪಲ್', ಒಂದು 'ಆಬ್ಸಿಡಿಯನ್'. ಪ್ಯಾಲೆಸ್ ಪರ್ಪಲ್ ಹಳೆಯ, ಹೆಸರುವಾಸಿ ಜಾತಿ. ಅಮೆರಿಕದ ಬಹುವಾರ್ಷಿಕ ಗಿಡಗಳ ಸಂಘ 1991ರಲ್ಲಿ ಅದನ್ನೇ ವರ್ಷದ ಗಿಡ ಅಂತ ಆರಿಸಿತ್ತು. ಎಲೆ ಮೇಲೆ ಕಂಚು ಬೆರೆತ ನೇರಳೆ, ಕೆಳಗೆ ಗುಲಾಬಿ ಛಾಯೆ. ಆಬ್ಸಿಡಿಯನ್ ಇನ್ನೂ ಕಪ್ಪು, ಹೊಳಪು ಬೇರೆ. ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಮೂರೂ ಕಟ್ಟೆಯ ಮೇಲೆ ಎಷ್ಟು ಚೆನ್ನಾಗಿದ್ದವೆಂದರೆ, ಹಾಲು ಹಾಕುವವರಿಂದ ಹಿಡಿದು ಎದುರು ಮನೆಯ ಅಕ್ಕನವರೆಗೆ ಎಲ್ಲರೂ ನಿಂತು ಇದು ಯಾವ ಗಿಡ ಅಂತ ಕೇಳಿದರು. ವಾರಕ್ಕೊಂದು ಹೊಸ ಎಲೆ. ಆ ಮೂರೂವರೆ ತಿಂಗಳು ಬೇರೆ ಯಾವ ಗಿಡವೂ ಅದರ ಹತ್ತಿರ ಬರಲಿಲ್ಲ, ಇದನ್ನು ಒಪ್ಪಲೇಬೇಕು.

ಮಾರ್ಚ್ ಬಂತು. ಎಲೆಯ ಅಂಚು ಕಂದು ತಿರುಗಿತು. ಅತ್ತೆ ಬಗ್ಗಿ ನೋಡಿ, "ಎಲಿ ಸುಟ್ಟಂಗ ಕಾಣತಾವ, ನೀರು ಹಾಕಿಲ್ಲೇನವ್ವ?" ಅಂದರು. ನಾನೂ ಹಾಗೇ ಅಂದುಕೊಂಡು ದಿನಕ್ಕೆ ಎರಡು ಸಲ ನೀರು ಹಾಕಿದೆ. ಅದೇ ತಪ್ಪಾಯಿತು. ಮಧ್ಯಾಹ್ನ ಎಲೆ ಜೋತು ಬೀಳುವುದು ಯಾವಾಗಲೂ ಬಾಯಾರಿಕೆಯಿಂದಲೇ ಅಲ್ಲ. ಬಿಸಿಗೆ ಬೇರು ಸೋತಿರುತ್ತದೆ, ಆಗ ಇನ್ನಷ್ಟು ನೀರು ಸುರಿದರೆ ಬುಡ ಕೊಳೆಯುತ್ತದೆ. ಮಾರ್ಚ್ ಕೊನೆಗೆ ಒಂದು ಪ್ಯಾಲೆಸ್ ಪರ್ಪಲ್ ಹಿಡಿದು ಎತ್ತಿದರೆ ಗುಬುರೇ ಕೈಗೆ ಬಂತು, ಕೆಳಗೆ ಬೇರೇ ಇರಲಿಲ್ಲ. ಅವತ್ತು ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಉಳಿದ ಎರಡನ್ನು ಹಸಿರು ನೆಟ್ ಕೆಳಗೆ, ನಿಂಬೆ ಗಿಡದ ನೆರಳಿಗೆ ಒಯ್ದೆ. ಪ್ಲಾಸ್ಟಿಕ್ ಕುಂಡ ತೆಗೆದು ಮಣ್ಣಿನ ಕುಂಡಕ್ಕೆ ಬದಲಿಸಿದೆ, ಬುಡ ಮಣ್ಣಿಗಿಂತ ಸ್ವಲ್ಪ ಮೇಲೆ ಇರುವ ಹಾಗೆ. ಬೆಳಿಗ್ಗೆ ಒಂದೇ ಸಲ, ಅದೂ ಮೇಲಿನ ಮಣ್ಣು ಒಂದು ಬೆರಳಿನಷ್ಟು ಒಣಗಿದ್ದರೆ ಮಾತ್ರ ನೀರು. ಆಬ್ಸಿಡಿಯನ್ ಮೇ ಎರಡನೇ ವಾರ ಹೋಯಿತು. ಉಳಿದ ಪ್ಯಾಲೆಸ್ ಪರ್ಪಲ್ ಮೂರು ಎಲೆ ಹಿಡಿದುಕೊಂಡು ಜೂನ್ ಮುಟ್ಟಿತು. ಮೊದಲ ಮಳೆಗೆ ಚಿಗುರುತ್ತದೆ ಅಂತ ಕಾದೆ. ಚಿಗುರಲಿಲ್ಲ, ಕೊಳೆಯಿತು. ಯಾಕೆ ಅಂತ ಆಮೇಲೆ ಅರ್ಥವಾಯಿತು. ಇದು ಉತ್ತರ ಅಮೆರಿಕದ ಗಿಡ, ಕಾಡಿನ ತಂಪು ನೆರಳಲ್ಲಿ, ಬಂಡೆಯ ಸಂದುಗಳಲ್ಲಿ, ನೀರು ಬಂದರೂ ಹರಿದು ಹೋಗುವ ಕಡೆ ಬೆಳೆಯುವಂಥದ್ದು. ಹಗಲಿನ ಬಿಸಿಯನ್ನು ನೆರಳು ಕೊಟ್ಟು ತಪ್ಪಿಸಬಹುದು. ರಾತ್ರಿಯ ಬಿಸಿಯನ್ನು ಏನು ಮಾಡೋಣ? ಇಂಥ ಗಿಡಕ್ಕೆ ರಾತ್ರಿ ತಣ್ಣಗಾಗಬೇಕು, ಇಲ್ಲದಿದ್ದರೆ ಹಗಲು ಮಾಡಿಕೊಂಡ ಆಹಾರವನ್ನೆಲ್ಲ ರಾತ್ರಿ ಉಸಿರಾಟಕ್ಕೇ ಖರ್ಚು ಮಾಡಿಬಿಡುತ್ತದೆ. ಹೂವೂ ನೋಡಲಿಲ್ಲ. ಈ ಕುಲದ ಹಲವು ಗಿಡಗಳಿಗೆ ಹೂ ಬಿಡಲು ಕೆಲವು ವಾರಗಳ ಗಟ್ಟಿ ಚಳಿ ಬೇಕು, ನಮ್ಮ ಡಿಸೆಂಬರ್ ಅದಕ್ಕೆ ಸಾಲದು.

ಕೋಲಿಯಸ್ ವಿಷಯ ಬೇರೆ. ಇಲ್ಲೇ ನರ್ಸರಿಯಲ್ಲಿ 30 ರೂಪಾಯಿಗೆ ಸಿಕ್ಕಿತು, ಹೆಸರು ಅವರಿಗೂ ಗೊತ್ತಿರಲಿಲ್ಲ, ಎಲೆ ಕಡು ಮರೂನ್, ಅಂಚಿಗೆ ಸಣ್ಣ ಹಸಿರು ಗೆರೆ. ನಮ್ಮ ದೊಡ್ಡಪತ್ರೆಯ ಹತ್ತಿರದ ಸಂಬಂಧಿ ಇದು, ಕಾಂಡ ಮುಟ್ಟಿ ನೋಡಿ, ಚೌಕವಾಗಿರುತ್ತದೆ. ದೊಡ್ಡಪತ್ರೆ ಬೆಳೆಸಿದವರಿಗೆ ಇದು ಕಷ್ಟ ಆಗುವುದಿಲ್ಲ, ಆದರೆ ಅದರಷ್ಟು ಗಟ್ಟಿಯೂ ಅಲ್ಲ. ಬೆಳಗಿನ ಬಿಸಿಲಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ. ಮಾಳಿಗೆಗೆ ಒಯ್ದರೆ ಎರಡೇ ದಿನಕ್ಕೆ ಎಲೆ ಬೆಳ್ಳಗಾಗಿ ಸುಟ್ಟಿತು. ಮಧ್ಯಾಹ್ನ ಸೊರಗಿದರೂ ಸಂಜೆ ನೀರು ಕುಡಿದು ಎದ್ದು ನಿಲ್ಲುತ್ತದೆ, ಹ್ಯೂಕೆರಾ ಹಾಗೆ ಎದ್ದು ನಿಲ್ಲುತ್ತಿರಲಿಲ್ಲ. ಹೂವಿನ ತೆನೆ ಕಂಡ ಕೂಡಲೇ ಚಿವುಟಬೇಕು, ಬಿಟ್ಟರೆ ಗಿಡ ಉದ್ದಕ್ಕೆ ಹೋಗಿ ಎಲೆ ಸಣ್ಣದಾಗುತ್ತದೆ. ಇದರ ದೊಡ್ಡ ಕಾಟ ಹಿಟ್ಟು ತಿಗಣೆ. ಏಪ್ರಿಲ್‌ನಲ್ಲಿ ಗೆಣ್ಣುಗಳಲ್ಲೆಲ್ಲ ಹತ್ತಿಯ ಹಾಗೆ ಕಟ್ಟಿಕೊಂಡಿತ್ತು. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ವಾರಕ್ಕೊಮ್ಮೆ ಹೊಡೆದೆ, ಮೂರು ಸಲಕ್ಕೆ ಹಿಡಿತಕ್ಕೆ ಬಂತು. ಮೇ ತಿಂಗಳಲ್ಲಿ ಗಿಡ ಹೋಗುತ್ತದೆ ಅಂತ ಹೆದರಿ ನಾಲ್ಕು ತುಂಡು ಮುರಿದು ಅಡುಗೆ ಮನೆ ಕಿಟಕಿಯಲ್ಲಿ ನೀರಿನ ಲೋಟಕ್ಕೆ ಹಾಕಿದ್ದೆ, ಹತ್ತು ದಿನಕ್ಕೆ ಬೇರು ಬಿಟ್ಟವು. ಮಳೆಗಾಲದಲ್ಲಿ ಅವೇ ಕಟ್ಟೆ ತುಂಬಿವೆ.

ಪರ್ಪಲ್ ಹಾರ್ಟ್‌ಗೆ ಒಂದು ಪೈಸೆ ಖರ್ಚಾಗಿಲ್ಲ. ಎದುರು ಮನೆಯ ಅಕ್ಕ ಕಾಂಪೌಂಡ್ ಪಕ್ಕದಿಂದ ಕಿತ್ತು ಒಂದು ಹಿಡಿ ಕೊಟ್ಟರು. ಮೆಕ್ಸಿಕೋದ ಗಿಡ, ಒಣ ಹವೆಗೆ ಒಗ್ಗಿದೆ, ಕಾಂಡದಲ್ಲೇ ನೀರು ಇಟ್ಟುಕೊಳ್ಳುತ್ತದೆ. ಮಾಳಿಗೆಯ ಮೇಲೆ, 42 ಡಿಗ್ರಿಯಲ್ಲಿ, ಎರಡು ದಿನಕ್ಕೊಮ್ಮೆ ನೀರು ಹಾಕಿದರೂ ಇದು ಕಡು ನೇರಳೆಯಾಗಿಯೇ ಇತ್ತು. ಮುಖ್ಯವಾದ ಮಾತು ಏನೆಂದರೆ, ಇದರ ಬಣ್ಣ ಬರುವುದೇ ಬಿಸಿಲಿನಿಂದ. ಎಲೆಯ ಆ ನೇರಳೆಗೆ ಕಾರಣ ಆಂಥೋಸಯಾನಿನ್ ಅನ್ನುವ ಬಣ್ಣದ ಅಂಶ, ನೇರಳೆ ಹಣ್ಣಿನಲ್ಲೂ ಬದನೆಕಾಯಿ ಸಿಪ್ಪೆಯಲ್ಲೂ ಇರುವ ಗುಂಪಿನದ್ದೇ, ಬೆಳಕು ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ. ಅದೇ ಗಿಡವನ್ನು ನಿಂಬೆ ಗಿಡದ ಕೆಳಗೆ ಇಟ್ಟಾಗ ಒಂದು ತಿಂಗಳಿಗೆ ಹಸಿರಿಗೆ ತಿರುಗಿ ಉದ್ದಕ್ಕೆ ಜೋಲು ಬಿತ್ತು. ಬೆಳಿಗ್ಗೆ ಮೂರೇ ಎಸಳಿನ ಗುಲಾಬಿ ಹೂ ಅರಳುತ್ತದೆ, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಕೊರತೆ ಇಲ್ಲ ಅಂತಲ್ಲ. ಕಾಂಡ ಬಲು ಪೆಳಸು, ಮಕ್ಕಳ ಕಾಲು ತಾಕಿದರೆ ಮುರಿಯುತ್ತದೆ. ರಸ ತಾಗಿದರೆ ಕೆಲವರಿಗೆ ಚರ್ಮ ತುರಿಸುತ್ತದೆ, ನಾಯಿ ಸಾಕಿದವರೂ ಸ್ವಲ್ಪ ದೂರ ಇಡಿ. ಆರು ತಿಂಗಳಿಗೊಮ್ಮೆ ಬುಡದ ಹತ್ತಿರ ಕತ್ತರಿಸದಿದ್ದರೆ ಕೆಳಗೆ ಬೋಳು, ತುದಿಗೆ ಮಾತ್ರ ಎಲೆ.

ಈಗ ನನಗೆ ಆಶ್ಚರ್ಯ ತಂದ ಗಿಡ, ಹೆಮಿಗ್ರಾಫಿಸ್. ಕೇರಳದಲ್ಲಿ ಇದನ್ನು ಮುರಿಕೂಟಿ ಅನ್ನುತ್ತಾರೆ, ಗಾಯಕ್ಕೆ ಎಲೆ ಅರೆದು ಹಚ್ಚುವ ರೂಢಿ ಅಲ್ಲಿದೆ. ಎಲೆಯ ಮೇಲ್ಭಾಗ ಬೆಳ್ಳಿ ಬೆರೆತ ಕಡು ನೇರಳೆ, ಮಡಚಿದರೆ ಕೆಳಗೆ ಬೀಟ್‌ರೂಟ್ ಬಣ್ಣ. ಎಲೆ ಸ್ವಲ್ಪ ಸುಕ್ಕುಸುಕ್ಕು, ಗಿಡ ನೆಲದ ಮೇಲೆ ಹರಡಿಕೊಂಡು ಗುಬುರು ಕಟ್ಟುತ್ತದೆ. ಅಂದರೆ ಹ್ಯೂಕೆರಾದಲ್ಲಿ ನಾನು ಏನನ್ನು ಇಷ್ಟಪಟ್ಟೆನೋ ಅದರ ಮುಕ್ಕಾಲು ಭಾಗ ಇದರಲ್ಲಿದೆ, ಅದೂ ಪೂರ್ತಿ ನೆರಳಲ್ಲಿ! ತೊಟ್ಟಿಯ ಪಕ್ಕ ನೀರು ಚೆಲ್ಲಿ ಯಾವಾಗಲೂ ತಂಪಿರುವ ಜಾಗದಲ್ಲಿ ಮೇ ತಿಂಗಳನ್ನೂ ದಾಟಿತು. ಒಂದೇ ಷರತ್ತು, ಮಣ್ಣು ಒಣಗಬಾರದು. ನಾವು ನಾಲ್ಕು ದಿನ ಸಿಂಧನೂರಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಕುಂಡದಲ್ಲಿದ್ದದ್ದು ಒಣಗಿತ್ತು, ನೆಲದಲ್ಲಿದ್ದದ್ದು ಉಳಿದಿತ್ತು. ಹಾಗಾಗಿ ಇದನ್ನು ನೆಲಕ್ಕೇ ಹಾಕಿ.

ಆಲ್ಟರ್ನಾಂಥೆರಾ ನಮ್ಮ ಹೊನಗೊನ್ನೆ ಸೊಪ್ಪಿನ ಕುಲದ್ದು. ನರ್ಸರಿಯವರು ಬಾರ್ಡರ್ ಗಿಡ ಅಂತ ಕೊಡುತ್ತಾರೆ. ಬಿಸಿಲು ತಡೆಯುತ್ತದೆ, ಬಣ್ಣವೂ ಚೆನ್ನ, ಆದರೆ ಎರಡು ಮೂರು ವಾರಕ್ಕೊಮ್ಮೆ ಕತ್ತರಿ ಹಿಡಿಯಲೇಬೇಕು. ಉದ್ದ ದಾರಿಯ ಅಂಚಿಗೆ ಸರಿ, ಒಂದು ಕುಂಡದಲ್ಲಿ ಇಟ್ಟು ನೋಡುವ ಗಿಡ ಅಲ್ಲ.

ನೀರಿನ ಬಗ್ಗೆ ಒಂದು ಮಾತು, ಇದು ಐದಕ್ಕೂ ಅನ್ವಯ. ಫಿಲ್ಟರ್‌ನಿಂದ ಹೊರಗೆ ಬೀಳುವ ಆರ್‌ಒ ನೀರನ್ನು ವ್ಯರ್ಥ ಯಾಕೆ ಅಂತ ಬಹಳ ಜನ ಗಿಡಕ್ಕೆ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ. ಆ ನೀರಿನಲ್ಲಿ ಉಪ್ಪು ಬೋರಿನ ನೀರಿಗಿಂತಲೂ ಜಾಸ್ತಿ. ಎಲೆಯ ತುದಿ ಕಂದಾಗುವುದರಲ್ಲಿ ಅದರ ಪಾಲೂ ಇತ್ತು. ಈಗ ಅದು ನೆಲ ಒರೆಸಲು, ಮಳೆ ನೀರು ಡ್ರಮ್ಮಿನಲ್ಲಿ ಹಿಡಿದು ಗಿಡಕ್ಕೆ.

ನನ್ನನ್ನು ಕೇಳಿದರೆ ಮಾಳಿಗೆಗೆ ಪರ್ಪಲ್ ಹಾರ್ಟ್, ಹಿತ್ತಲ ನೆರಳಿಗೆ ಹೆಮಿಗ್ರಾಫಿಸ್, ಕಟ್ಟೆಗೆ ಕೋಲಿಯಸ್. ಹ್ಯೂಕೆರಾವನ್ನು ನಮ್ಮ ಕಡೆ ಚಳಿಗಾಲದ ಸೇವಂತಿಗೆಯ ಹಾಗೆ ಮೂರು ನಾಲ್ಕು ತಿಂಗಳಿಗೆ ಅಂತ ತಂದುಕೊಳ್ಳುವುದಾದರೆ ತನ್ನಿ, ವರ್ಷಗಟ್ಟಲೆ ಇರುತ್ತದೆ ಅಂತ ನಂಬಿ ಮೂರು ಕುಂಡಕ್ಕೆ ದುಡ್ಡು ಹಾಕಬೇಡಿ. ಇಷ್ಟಾದರೂ ಅದರ ಮೇಲಿನ ಆಸೆ ಹೋಗಿಲ್ಲ. ಈ ಸಲವೂ ಒಂದೇ ಒಂದು ಪ್ಯಾಲೆಸ್ ಪರ್ಪಲ್ ತರಿಸಿದ್ದೇನೆ, ಮೊನ್ನೆ ಬಂತು, ಮಣ್ಣಿನ ಕುಂಡದಲ್ಲಿ ಕೂರಿಸಿದ್ದೇನೆ. ಬೆಂಗಳೂರಿನಲ್ಲಿ ತಂಗಿ ಇದ್ದಾಳೆ. ಅದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಬೇಸಿಗೆಯಲ್ಲೂ ರಾತ್ರಿ ಇಲ್ಲಿಗಿಂತ ತಂಪು. ಫೆಬ್ರುವರಿ ಕೊನೆಗೆ ಅವಳು ಊರಿಗೆ ಬರುತ್ತಾಳೆ, ಹೋಗುವಾಗ ಕುಂಡವನ್ನೂ ಒಯ್ಯುತ್ತೇನೆ ಅಂದಿದ್ದಾಳೆ.