ಕುದುರೆಗೆ ವಿದ್ಯುತ್ ಬೇಲಿ: ಆರು ಮಳೆಗಾಲ ಕಂಡ ಟೇಪು, ಹಗ್ಗ, ತಂತಿಯ ಲೆಕ್ಕ

ಮೊದಲು ಅಳತೆ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರ ಕಡೆಯ ಕೆಂಪುಮಣ್ಣು, ಕುದುರೆ ಬಿಡುವ ಎರಡು ಎಕರೆಯ ಬಯಲು (ಪ್ಯಾಡಾಕ್), ಸುತ್ತಳತೆ ಸುಮಾರು 360 ಮೀಟರ್. ನೆಲದಿಂದ 45, 90 ಮತ್ತು 135 ಸೆಂ.ಮೀ. ಎತ್ತರದಲ್ಲಿ ಮೂರು ಎಳೆ. ಈಗ ಮೇಲಿನ ಎಳೆ 40 ಮಿ.ಮೀ. ಅಗಲದ ಬಿಳಿ ಟೇಪು, ಕೆಳಗಿನ ಎರಡೂ 6 ಮಿ.ಮೀ. ಹಗ್ಗ. ಎರಡೂ ಪ್ಲಾಸ್ಟಿಕ್ ನೇಯ್ಗೆಯವು, ಒಳಗೆ ಕರೆಂಟ್ ಒಯ್ಯುವ ಲೋಹದ ಎಳೆಗಳಿವೆ. 2 ಜೌಲ್ ಔಟ್‌ಪುಟ್ ಇರುವ ಸೋಲಾರ್ ಎನರ್ಜೈಸರ್, ಅಂದರೆ ಬೇಲಿಗೆ ಬಿಟ್ಟುಬಿಟ್ಟು ಶಾಕ್ (ಪಲ್ಸ್) ಕಳಿಸುವ ಪೆಟ್ಟಿಗೆ. ಮೊದಲೆರಡು ವರ್ಷ ಮೂರೂ ಎಳೆ ಟೇಪೇ ಇತ್ತು. ಅದನ್ನು ಯಾಕೆ ಬದಲಾಯಿಸಬೇಕಾಯಿತು ಅನ್ನುವುದರಲ್ಲೇ ಈ ವಿಮರ್ಶೆಯ ಅರ್ಧ ಇದೆ.

ನಮ್ಮಲ್ಲಿ ಸೋಲಾರ್ ಬೇಲಿ ಹಾಕುವವರಿಗೆ ಕೈ ಪಳಗಿರುವುದು ಆನೆ ಮತ್ತು ಕಾಡುಹಂದಿಯ ಕೆಲಸದಲ್ಲಿ. ಅವರನ್ನು ಕರೆದರೆ 2.5 ಮಿ.ಮೀ. ಹೈ ಟೆನ್ಸೈಲ್ (ಸುಲಭಕ್ಕೆ ಹರಿಯದ ಗಟ್ಟಿ ಉಕ್ಕಿನ) ತಂತಿಯನ್ನು ವೀಣೆಯ ತಂತಿಯಂತೆ ಬಿಗಿದು ಹೋಗುತ್ತಾರೆ. ಕೆಲಸ ಅಚ್ಚುಕಟ್ಟಾಗಿರುತ್ತದೆ, ಆದರೆ ಕುದುರೆಗೆ ಅದು ಅಪಾಯ. ಹಂದಿ ಮೂಗು ತಾಗಿಸಿ ನೋಡಿ ಹಿಂದೆ ಸರಿಯುತ್ತದೆ. ಕುದುರೆ ಬೆದರಿದರೆ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ಓಡುವ ಕುದುರೆಗೆ ತೆಳ್ಳನೆಯ ಬೂದು ತಂತಿ ಕಾಣುವುದೇ ಇಲ್ಲ. ಆ ತಂತಿ ಹರಿಯಬೇಕಾದರೆ ಅರ್ಧ ಟನ್‌ಗೂ ಹೆಚ್ಚು ಎಳೆತ ಬೇಕು. ಅಷ್ಟರೊಳಗೆ ಕಾಲಿನ ಚರ್ಮ, ನರ, ಮೂಳೆಯವರೆಗೂ ಕೊಯ್ದಿರುತ್ತದೆ. ಮುಳ್ಳುತಂತಿಗೆ ಶಾಕ್ ಕೊಡುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾರದೆ ಪೆಟ್ಟಿನ ಮೇಲೆ ಪೆಟ್ಟು ತಿನ್ನುತ್ತದೆ. ಎನರ್ಜೈಸರ್‌ಗಳ ಅಂತಾರಾಷ್ಟ್ರೀಯ ಮಾನದಂಡ ಐಇಸಿ 60335-2-76 ಕೂಡ ಇದನ್ನು ನಿಷೇಧಿಸಿದೆ.

ಹಾಗಾಗಿ ಕುದುರೆಯ ಬೇಲಿಯಲ್ಲಿ ನೋಡಬೇಕಾದ್ದು ಮೂರು: ದೂರದಿಂದ ಕಾಣಬೇಕು, ಮೈ ಬಡಿದರೆ ಬಿಟ್ಟುಕೊಡಬೇಕು, ಯಾವ ಗಳಿಗೆಯಲ್ಲಿ ಮುಟ್ಟಿದರೂ ಶಾಕ್ ಇರಬೇಕು. ಅಂಗಡಿಯಲ್ಲಿ ಮೊದಲೆರಡರ ಮಾತೇ ನಡೆಯುತ್ತದೆ. ವರ್ಷ ಕಳೆದ ಮೇಲೆ ಕೈಕೊಡುವುದು ಮೂರನೆಯದು.

ಕಾಣುವುದರಲ್ಲಿ 40 ಮಿ.ಮೀ. ಟೇಪಿಗೆ ಸಾಟಿ ಇಲ್ಲ. ಕುದುರೆಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ನೀಲಿ, ಹಳದಿ ಬೇರೆಬೇರೆಯಾಗಿ ಕಾಣುತ್ತವೆ, ಬಿಳಿ ಎದ್ದು ಕಾಣುತ್ತದೆ. ಹಸಿರು ಅಥವಾ ಕಂದು ಬಣ್ಣದ ಟೇಪು ನಮ್ಮ ಕಣ್ಣಿಗೆ ಚೆಂದ, ಕುದುರೆಗೆ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಬಿಳಿ ಟೇಪೂ ಬೇಸಿಗೆಯ ಧೂಳಿಗೆ ಕೆಂಪಾಗಿ, ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುತ್ತದೆ. ವರ್ಷಕ್ಕೆರಡು ಸಲ ಎನರ್ಜೈಸರ್ ಆಫ್ ಮಾಡಿ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಟೇಪಿನ ಶತ್ರು ಗಾಳಿ. ಆಷಾಢದ ಗಾಳಿಗೆ 4 ಮೀಟರ್ ಅಂತರದ ಕಂಬಗಳ ನಡುವೆ ಅದು ಹಗಲೂ ರಾತ್ರಿ ಪಟಪಟ ಬಡಿಯುತ್ತದೆ. ನೇಯ್ಗೆಯೊಳಗಿನ ಕೂದಲೆಳೆಯಷ್ಟು ತೆಳ್ಳನೆಯ ಉಕ್ಕಿನ ತಂತಿಗಳು, ಕಂಬಕ್ಕೆ ಕರೆಂಟ್ ತಾಗದಂತೆ ಟೇಪನ್ನು ಹಿಡಿದಿಡುವ ಇನ್ಸುಲೇಟರ್ ಅಂಚಿನಲ್ಲಿ ಮಡಚಿ ಮಡಚಿ ಮುರಿಯುತ್ತವೆ. ಹೊರಗಿನಿಂದ ಟೇಪು ಹೊಸದರಂತೆಯೇ ಇರುತ್ತದೆ. ಬೆಳಕಿಗೆ ಹಿಡಿದು ಬೆರಳಲ್ಲಿ ನಿಧಾನ ಸವರಿದರೆ ಮುರಿದ ತುದಿಗಳು ಮುಳ್ಳಿನಂತೆ ಚುಚ್ಚುತ್ತವೆ. ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ಕಪ್ಪು ಕಲೆ, ಅಲ್ಲಿ ಕಿಡಿ ಹಾರಿ ಪ್ಲಾಸ್ಟಿಕ್ ಕರಗಿರುತ್ತದೆ. ಮೂರನೆಯ ಮಳೆಗಾಲದ ಹೊತ್ತಿಗೆ ಎನರ್ಜೈಸರ್ ಬಳಿ 6,000 ವೋಲ್ಟ್ ತೋರಿಸುತ್ತಿದ್ದ ಮೀಟರ್ ಬೇಲಿಯ ದೂರದ ಮೂಲೆಯಲ್ಲಿ 2,000 ದಾಟುತ್ತಿರಲಿಲ್ಲ. ಕುದುರೆಗೆ ಬೇಲಿಯ ಯಾವ ಜಾಗದಲ್ಲೂ 2,500ರಿಂದ 3,000 ವೋಲ್ಟ್‌ಗಿಂತ ಕಡಿಮೆ ಇರಬಾರದು. 4,000 ಇದ್ದರೆ ನೆಮ್ಮದಿ. ಚಳಿನಾಡಿನ ದಟ್ಟ ಕೂದಲಿನ ತಳಿಗಳಿಗೆ ಇನ್ನೂ ಹೆಚ್ಚು ಬೇಕು. ನಮ್ಮ ಥರೋಬ್ರೆಡ್, ಮಾರ್ವಾರಿ ಕುದುರೆಗಳ ತೆಳ್ಳನೆಯ ಮೈಗೆ ಇಷ್ಟು ಸಾಕು.

ಬಡಿತ ತಗ್ಗಿಸಲು ಒಂದು ಸುಲಭದ ದಾರಿ ಇದೆ. ಎರಡು ಕಂಬಗಳ ನಡುವೆ ಟೇಪಿಗೆ ಒಂದು ತಿರುವು ಕೊಟ್ಟು ಕಟ್ಟಿ. ಗಾಳಿ ಚಪ್ಪಟೆಯಾಗಿ ಹೊಡೆಯಲಾರದು. ಟೇಪನ್ನು ಸ್ಕ್ರೂ ಬಳೆಯಂಥ ಇನ್ಸುಲೇಟರ್‌ನಲ್ಲಿ ತೂರಿಸಬೇಡಿ, ಅದರೊಳಗೆ ಮುದುಡಿ ಉಜ್ಜಿಹೋಗುತ್ತದೆ. ಚಪ್ಪಟೆಯಾಗಿ ಹಿಡಿದುಕೊಳ್ಳುವ ಕ್ಲ್ಯಾಂಪ್ ಮಾದರಿಯೇ ಬೇಕು. ಇಷ್ಟು ಮಾಡಿದ ಮೇಲಿನ ಎಳೆಯ ಟೇಪು ಈಗ ನಾಲ್ಕನೆಯ ವರ್ಷದಲ್ಲಿದೆ, ಇನ್ನೊಂದು ವರ್ಷ ಬರಬಹುದು.

6 ಮಿ.ಮೀ. ಹಗ್ಗ ಗಾಳಿಗೆ ಜಗ್ಗುವುದಿಲ್ಲ. ನಾಲ್ಕು ವರ್ಷದಲ್ಲಿ ಒಂದು ರೋಲನ್ನೂ ಬದಲಾಯಿಸಿಲ್ಲ. ಕೊಳ್ಳುವಾಗ ಬಣ್ಣ, ದಪ್ಪಕ್ಕಿಂತ ಮುಖ್ಯವಾಗಿ ರೋಲಿನ ಮೇಲೆ ಪ್ರತಿ ಮೀಟರ್‌ಗೆ ಎಷ್ಟು ಓಮ್ (ಕರೆಂಟಿಗೆ ಒಡ್ಡುವ ಅಡ್ಡಿ) ಎಂದು ಬರೆದಿದೆ ನೋಡಿ. ಬರೀ ಸ್ಟೇನ್‌ಲೆಸ್ ಎಳೆಗಳ ಅಗ್ಗದ ಹಗ್ಗದಲ್ಲಿ ಅದು 5 ಓಮ್ ದಾಟಬಹುದು. ಸ್ಟೇನ್‌ಲೆಸ್ ಜೊತೆ ತವರ ಲೇಪಿಸಿದ ತಾಮ್ರದ ಎಳೆ ಸೇರಿಸಿದ್ದರಲ್ಲಿ 0.1ರಿಂದ 0.3ರ ಆಸುಪಾಸು. 360 ಮೀಟರ್‌ಗೆ ಲೆಕ್ಕ ಹಾಕಿ: ಮೊದಲನೆಯದು 1,800 ಓಮ್, ಎರಡನೆಯದು ಹೆಚ್ಚೆಂದರೆ 108. ಒಂದಿಷ್ಟು ಹುಲ್ಲು ತಾಗಿದರೂ ಮೊದಲನೆಯದು ದೂರದ ತುದಿಯಲ್ಲಿ ಸತ್ತುಹೋಗುತ್ತದೆ. ಓಮ್ ಸಂಖ್ಯೆಯನ್ನೇ ಬರೆಯದ ರೋಲನ್ನು ನಾನು ಕೊಳ್ಳುವುದಿಲ್ಲ. 2ರಿಂದ 3 ಮಿ.ಮೀ.ಯ ತೆಳು ಪಾಲಿವೈರ್ (ಲೋಹದ ಎಳೆ ಸೇರಿಸಿದ ಪ್ಲಾಸ್ಟಿಕ್ ದಾರ) ಹಸು, ಕುರಿಗೆ ಸರಿ, ಕುದುರೆಗೆ ಬೇಡ. ಕಾಣುವುದೂ ಇಲ್ಲ, ಕಾಲಿಗೆ ಸುತ್ತಿಕೊಂಡರೆ ಕೊಯ್ಯುತ್ತದೆ.

ಹಗ್ಗಕ್ಕೂ ಒಂದು ಕುಂದಿದೆ: ಟೇಪಿನಷ್ಟು ಬೇಗ ಹರಿಯುವುದಿಲ್ಲ. ಅದಕ್ಕೆ ಬಿಟ್ಟುಕೊಡುವ ಜಾಗವನ್ನು ನಾವೇ ಮಾಡಬೇಕು. ಮೂಲೆಯ ಇನ್ಸುಲೇಟರ್‌ಗೆ ಹಗ್ಗವನ್ನು ನೇರ ಬಿಗಿಯದೆ, ನಡುವೆ ಒಂದು ಕಪ್ಪು ಕೇಬಲ್ ಟೈ ಕೊಂಡಿ ಹಾಕಿ, ವಿದ್ಯುತ್ ದಾಟಲು ಸಡಿಲವಾದ ಜಂಪರ್ ತಂತಿ ಕೊಡಿ. ಕುದುರೆ ಮೈಯೆಲ್ಲ ಹಾಕಿ ನುಗ್ಗಿದರೆ ಟೈ ತುಂಡಾಗಿ ಹಗ್ಗ ನೆಲಕ್ಕೆ ಬೀಳುತ್ತದೆ, ಕುದುರೆ ಉಳಿಯುತ್ತದೆ. ಬಿಸಿಲಿಗೆ ಟೈ ತಾನಾಗಿ ಪೆಡಸಾಗುವುದರಿಂದ ವರ್ಷಕ್ಕೊಮ್ಮೆ ಬದಲಾಯಿಸಿ. ಹಗ್ಗವನ್ನು ಕೈಯಲ್ಲಿ ಎಳೆದಷ್ಟು ಬಿಗಿ ಸಾಕು.

ಗಂಟು ಹಾಕಬೇಡಿ, ಟೇಪಿಗೂ ಹಗ್ಗಕ್ಕೂ. ಗಂಟಿನಲ್ಲಿ ಲೋಹದ ಎಳೆಗಳು ಒಂದಕ್ಕೊಂದು ಸರಿಯಾಗಿ ತಾಗುವುದಿಲ್ಲ, ಪ್ರತಿ ಪಲ್ಸ್‌ಗೂ ಕಿಡಿ ಹಾರಿ ಸುಡುತ್ತದೆ. ಬೋಲ್ಟ್ ಇರುವ ಲೋಹದ ಕನೆಕ್ಟರ್ ಬಳಸಿ. ಕತ್ತಲಾದ ಮೇಲೆ ಬೇಲಿಯ ಪಕ್ಕ ಟಾರ್ಚ್ ಆರಿಸಿ ನಡೆಯಿರಿ: ಚಟ್ ಚಟ್ ಸದ್ದು, ನೀಲಿ ಚುಕ್ಕೆ ಕಂಡಲ್ಲಿ ತಪ್ಪು ಸಿಕ್ಕಿತು. ಶಾಕ್ ಕೊಡುವ ಎಳೆಗಳನ್ನು ಪ್ರತಿ ಮೂಲೆಯಲ್ಲೂ ಒಂದಕ್ಕೊಂದು ಜೋಡಿಸಿದರೆ ಒಂದು ಕಡೆ ಎಳೆ ಮುರಿದರೂ ಇನ್ನೊಂದರ ಮೂಲಕ ಸುತ್ತಿ ಬರುತ್ತದೆ.

ಇನ್ನು ಕಂಬ. ನಮ್ಮ ಕಡೆ ಕಲ್ಲುಕಂಬ ಕೈಗೆಟಕುವಂತೆ ಸಿಗುತ್ತದೆ, ತಲೆಮಾರು ಬಾಳುತ್ತದೆ. ಆದರೆ ಅದರ ಸೀಳಿದ ಅಂಚು ಕತ್ತಿಯಂತಿರುತ್ತದೆ. ಓಡಿಬಂದ ಕುದುರೆಯ ಭುಜ ಉಜ್ಜಿದರೆ ಅಂಗೈ ಅಗಲದ ಚರ್ಮ ಕಿತ್ತುಬರುತ್ತದೆ. ಕಲ್ಲುಕಂಬ ಇರುವ ಕಡೆ ಪಟ್ಟಿ ಬಿಗಿದು 25 ಸೆಂ.ಮೀ. ಒಳಕ್ಕೆ ಚಾಚುವ ಬ್ರಾಕೆಟ್ ಮೇಲೆ ಎಳೆಗಳನ್ನು ಕೂರಿಸಿ. ಕುದುರೆ ಕಲ್ಲಿನ ಹತ್ತಿರವೇ ಹೋಗುವುದಿಲ್ಲ. ಒದ್ದೆ ಕಲ್ಲಿಗೆ ಹಗ್ಗ ತಾಗಿ ಕರೆಂಟ್ ಸೋರುವುದೂ ತಪ್ಪುತ್ತದೆ. ಹಸಿ ನೀಲಗಿರಿ ಕಂಬ ಗೆದ್ದಲಿಗೆ ಆಹಾರ, ನೆಲಮಟ್ಟದಲ್ಲಿ ಎರಡು ಮೂರು ವರ್ಷಕ್ಕೆ ಕೊಳೆಯುತ್ತದೆ. ಔಷಧಿ ಕೊಟ್ಟ ಮರ ಅಥವಾ ಮೇಲೆ ಮುಚ್ಚಳವಿರುವ ಜಿಐ ಪೈಪು ಒಳ್ಳೆಯದು. ಮೊನೆ ಬಿಟ್ಟ ಕಬ್ಬಿಣದ ಆಂಗಲ್ ಕುದುರೆಯ ಹೊಟ್ಟೆ ಸೀಳಬಲ್ಲದು. ಮೂಲೆಗಳನ್ನು ಚೂಪಾಗಿ ಬಿಡದೆ ಎರಡು ಮೂರು ಕಂಬ ಹಾಕಿ ದುಂಡಗೆ ತಿರುಗಿಸಿ. ಜೋರಿನ ಕುದುರೆ ಅಟ್ಟಿಸಿಕೊಂಡು ಬಂದಾಗ ಮೆತ್ತನೆಯದು ಮೂಲೆಯಲ್ಲಿ ಸಿಕ್ಕಿಬೀಳಬಾರದು.

ಅರ್ಥಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇಲಿ ಹೊಡೆಯುತ್ತಿಲ್ಲ ಎಂದು ಎನರ್ಜೈಸರ್ ಬದಲಾಯಿಸುವವರಲ್ಲಿ ಬಹಳಷ್ಟು ಜನರ ತೊಂದರೆ ಮಣ್ಣಿನಲ್ಲಿ ಇರುತ್ತದೆ. ಎನರ್ಜೈಸರ್‌ನಿಂದ ಹೊರಟ ಪಲ್ಸ್ ಬೇಲಿ, ಕುದುರೆಯ ಮೈ, ಗೊರಸು, ಮಣ್ಣು, ಅರ್ಥ್ ರಾಡ್ ಹೀಗೆ ಸುತ್ತಿ ವಾಪಸ್ ಬರಬೇಕು. ಒಣ ಗೊರಸೂ ಕರೆಂಟ್ ಬಿಡುವುದಿಲ್ಲ, ಮಾರ್ಚ್‌ನ ಒಣ ಕೆಂಪುಮಣ್ಣೂ ಬಿಡುವುದಿಲ್ಲ. 2 ಮೀಟರ್ ಉದ್ದದ ಜಿಐ ರಾಡ್ ಮೂರು, ಒಂದರಿಂದ ಒಂದಕ್ಕೆ 3 ಮೀಟರ್ ದೂರ, ಇದು ಪುಸ್ತಕದ ಲೆಕ್ಕ. ನಮ್ಮಲ್ಲಿ ಬೇಸಿಗೆಗೆ ಆರು ಬೇಕಾಯಿತು. ಒಂದು ಮೀಟರ್ ಕೆಳಗೆ ಗೊರಚು ಸಿಕ್ಕಿ ರಾಡ್ ಇಳಿಯದಿದ್ದರೆ ತೊಟ್ಟಿಯ ನೀರು ಹರಿಯುವ ತೇವದ ಜಾಗ ಹುಡುಕಿ. ಉಪ್ಪು ಸುರಿದರೆ ರಾಡ್ ತಿಂದುಹಾಕುತ್ತದೆ. ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿ ವಾರಕ್ಕೆರಡು ಕೊಡ ನೀರು ಹಾಕಿ. ಜಿಐ ರಾಡಿಗೆ ತಾಮ್ರದ ತಂತಿ ಸುತ್ತಬೇಡಿ, ಕೂಡುವಲ್ಲಿ ತುಕ್ಕು ಹಿಡಿಯುತ್ತದೆ. ಮನೆಯ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್ ದೂರವಿರಲಿ.

ಪರೀಕ್ಷೆ ಹೀಗೆ. ಎನರ್ಜೈಸರ್ ಆಫ್ ಮಾಡಿ, 100 ಮೀಟರ್ ಆಚೆ ಎರಡು ಮೂರು ಕಬ್ಬಿಣದ ಸರಳನ್ನು ನೆಲಕ್ಕೆ ನೆಟ್ಟು ಬೇಲಿಗೆ ಒರಗಿಸಿ. ಆನ್ ಮಾಡಿದಾಗ ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗೆ ಬರಬೇಕು. ಈಗ ಮೀಟರ್‌ನ ಒಂದು ಮೊನೆಯನ್ನು ಕೊನೆಯ ರಾಡಿಗೆ, ಇನ್ನೊಂದನ್ನು ಒಂದು ಮೀಟರ್ ದೂರದ ಮಣ್ಣಿಗೆ ಚುಚ್ಚಿ. 200ರಿಂದ 300 ವೋಲ್ಟ್ ಒಳಗಿದ್ದರೆ ಅರ್ಥ್ ಸರಿ. ಮೂರು ರಾಡ್ ಇದ್ದಾಗ ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ಅದು 800ರ ಮೇಲೆಯೇ ಇತ್ತು. ಇದನ್ನು ಮಳೆಗಾಲದಲ್ಲಿ ನೋಡಿ ಸಮಾಧಾನ ಪಡಬೇಡಿ, ಬೇಸಿಗೆಯಲ್ಲೇ ನೋಡಬೇಕು.

ಜೊತೆಗೆ ನಡುವಿನ ಹಗ್ಗವನ್ನು ಶಾಕ್‌ನಿಂದ ಬಿಡಿಸಿ ಅರ್ಥ್‌ಗೆ ಕೊಟ್ಟಿದ್ದೇವೆ. ಮೇಲಿನದ್ದು ಮತ್ತು ಕೆಳಗಿನದ್ದು ಹೊಡೆಯುತ್ತವೆ. ಕುದುರೆ ಎಳೆಗಳ ನಡುವೆ ಕತ್ತು ತೂರಿಸಿದರೆ ಮೇಲಿನದೂ ನಡುವಿನದೂ ಒಟ್ಟಿಗೆ ತಾಗಿ, ಮಣ್ಣು ಎಷ್ಟೇ ಒಣಗಿದ್ದರೂ ಪೂರಾ ಪೆಟ್ಟು ಬೀಳುತ್ತದೆ. ಬಯಲುಸೀಮೆಯ ಯಾರಿಗಾದರೂ ಕಣ್ಣುಮುಚ್ಚಿ ಹೇಳಬಹುದಾದ ಬದಲಾವಣೆ ಇದು.

ಎನರ್ಜೈಸರ್ ಕೊಳ್ಳುವಾಗ ಡಬ್ಬದ ಮೇಲಿನ ‘ಇಷ್ಟು ಕಿಲೋಮೀಟರ್’ ನಂಬಬೇಡಿ, ಅದು ಹುಲ್ಲೇ ತಾಗದ ಒಂಟಿ ತಂತಿಯ ಲೆಕ್ಕ. ‘ಸ್ಟೋರ್ಡ್’ ಜೌಲ್ ಬೇರೆ, ‘ಔಟ್‌ಪುಟ್’ ಜೌಲ್ ಬೇರೆ, ಮೊದಲನೆಯದು ಪೆಟ್ಟಿಗೆಯೊಳಗೆ ಕೂಡಿಟ್ಟದ್ದು, ಎರಡನೆಯದು ಬೇಲಿಗೆ ಬರುವುದು. ಎರಡನೆಯದನ್ನೇ ಕೇಳಿ. ಬೇಲಿಗೆ ಹೊಡೆಯುವ ಎಳೆಯ ಪ್ರತಿ ಕಿಲೋಮೀಟರ್‌ಗೆ 1 ಜೌಲ್, ಮೇಲೆ ಸ್ವಲ್ಪ ಹುಲ್ಲಿಗೆಂದು ಹೆಚ್ಚು. ಪಲ್ಸ್‌ಗಳ ನಡುವೆ ಕನಿಷ್ಠ ಒಂದು ಸೆಕೆಂಡ್ ಬಿಡುವು, ಪ್ರತಿ ಪಲ್ಸ್ 10 ಮಿಲಿಸೆಕೆಂಡ್ ಮೀರಬಾರದು, ಹೆಚ್ಚೆಂದರೆ 5 ಜೌಲ್. ಜೀವ ಉಳಿಸುವುದು ಈ ಬಿಡುವೇ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಟ್ಟರೆ ಈ ಬಿಡುವಿಲ್ಲ, ಮುಟ್ಟಿದವರು ಕೈಬಿಡಲಾರರು. ಹಾಗೆ ಮನುಷ್ಯರು, ಆನೆಗಳು ಸತ್ತಿರುವುದನ್ನು ಎಲ್ಲರೂ ಓದಿದ್ದೇವೆ. ಅದು ಅಪರಾಧ, ಯಾವ ನೆಪಕ್ಕೂ ಬೇಡ.

ಬ್ಯಾಟರಿ ಲೆಕ್ಕ: 2 ಜೌಲ್ ಎನರ್ಜೈಸರ್ ಸುಮಾರು 0.25 ಆಂಪಿಯರ್ ಎಳೆಯುತ್ತದೆ, ದಿನಕ್ಕೆ 6 ಆಂಪಿಯರ್ ಅವರ್. ಐದು ದಿನ ಮೋಡ ಮುಸುಕಿದರೆ 30. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 60 ಆಂಪಿಯರ್ ಅವರ್ ಬೇಕು. ಬೇಸಿಗೆಗೆ 40 ವಾಟ್ ಪ್ಯಾನೆಲ್ ಸಾಕು, ಜುಲೈಗೆ 75 ಬೇಕು. ಪೆಟ್ಟಿಗೆಯ ವೈರ್ ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿ. ಬೆಚ್ಚಗಿದೆ ಎಂದು ಇರುವೆಗಳು ಸರ್ಕ್ಯೂಟ್ ಬೋರ್ಡಿನ ಮೇಲೆ ಗೂಡು ಕಟ್ಟುತ್ತವೆ, ಹಿಂದೆಯೇ ಹಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸಿಡಿಲು ತಡೆ ಇರಲಿ, ಅದರ ಅರ್ಥ್ ಎನರ್ಜೈಸರ್ ಅರ್ಥ್‌ನಿಂದ ಬೇರೆಯಾಗಿ, 10 ಮೀಟರ್ ದೂರದಲ್ಲಿರಲಿ. ಆದರೂ ಗುಡುಗು ಶುರುವಾದಾಗ ಬೇಲಿಯ ವೈರ್ ಬಿಚ್ಚಿಡುವುದೇ ಗಟ್ಟಿ ಉಪಾಯ.

ಮಳೆಗಾಲದಲ್ಲಿ ಕೆಳಗಿನ ಎಳೆಯೇ ತಲೆನೋವು. ಹುಲ್ಲು, ಕಾಂಗ್ರೆಸ್ ಗಿಡ ವಾರದಲ್ಲಿ ಮೊಣಕಾಲೆತ್ತರ ಬಂದು ಕರೆಂಟ್ ಹೀರುತ್ತವೆ. ಕೆಳಗಿನ ಎಳೆ ಮೇಲಿನದಕ್ಕೆ ಕೂಡುವ ಪ್ರತಿ ಮೂಲೆಯಲ್ಲೂ ಅದನ್ನು ಬಿಡಿಸುವ ಸ್ವಿಚ್ ಕೊಡಿ. ಹುಲ್ಲು ಸವರುವವರೆಗೆ ಅದನ್ನು ಆಫ್ ಇಟ್ಟರೂ ಮೇಲಿನದು ಕೆಲಸ ಮಾಡುತ್ತದೆ. ಮರಿ ಇದ್ದರೆ ಮಾತ್ರ ಆಫ್ ಇಡಬೇಡಿ, ಕೆಳಗೆ ಮಲಗಿ ಹೊರಳಿ ಆಚೆ ಹೋಗಿಬಿಡುತ್ತದೆ, ತಾಯಿ ಬೇಲಿ ಮುರಿದು ಹಿಂದೆ ಬರುತ್ತದೆ.

ಗೇಟಿಗೆ ಸುರುಳಿ ಸ್ಪ್ರಿಂಗ್ ಬೇಡ. ಬಾಲದ ಕೂದಲು ಸುತ್ತಿಕೊಂಡು ಕುದುರೆ ಹುಚ್ಚೆದ್ದು ಓಡುತ್ತದೆ. ಹಗ್ಗ ಮತ್ತು ಹಿಡಿಕೆಯ ಗೇಟು ಹಾಕಿ. ಹಿಡಿಕೆ ಬಿಚ್ಚಿದಾಗ ಕೈಲಿರುವ ಹಗ್ಗ ಸತ್ತಿರುವಂತೆ, ಕರೆಂಟ್ ಕೊಕ್ಕೆಯ ಕಡೆಯಿಂದ ಬರುವಂತೆ ಜೋಡಿಸಿ. ಗೇಟಿನಡಿ ದಾಟಿಸುವುದಕ್ಕೆ ಮನೆಯ ವೈರಿಂಗ್ ವೈರ್ ಬೇಡ, ಅದರ ಹೊದಿಕೆ ಸಾವಿರಾರು ವೋಲ್ಟ್ ತಡೆಯದು. ಬೇಲಿಗೆಂದೇ ಸಿಗುವ ಎರಡು ಹೊದಿಕೆಯ ಕೇಬಲ್ಲನ್ನು ಪೈಪಿನೊಳಗೆ ಹೂತಿಡಿ.

ಹೊಸ ಕುದುರೆಯನ್ನು ಹಗಲಿನಲ್ಲೇ ಬಿಡಿ. ಮೊದಲು ಕೈಯಲ್ಲಿ ಹಿಡಿದು ಬೇಲಿಯುದ್ದಕ್ಕೂ ಎರಡು ಮೀಟರ್ ದೂರದಿಂದ ಒಂದು ಸುತ್ತು ತೋರಿಸಿ, ಆಮೇಲೆ ಹಾಲ್ಟರ್ (ಮುಖಕ್ಕೆ ಕಟ್ಟಿದ ಪಟ್ಟಿ) ಬಿಚ್ಚಿ ಬಿಡಿ. ಕುದುರೆಯನ್ನು ಹಿಡಿದ ಹಗ್ಗ ನಿಮ್ಮ ಕೈಲಿರುವಾಗ ಅದಕ್ಕೆ ಶಾಕ್ ಹೊಡೆಸಬೇಡಿ. ಪೆಟ್ಟು ನಿಮ್ಮಿಂದ ಬಂತೆಂದು ಅದು ತಿಳಿಯುತ್ತದೆ. ನೀರಿನ ತೊಟ್ಟಿಯನ್ನು ಬೇಲಿಯಿಂದ ದೂರವಿಡಿ, ಸೋರಿದ ಕರೆಂಟು ಒಮ್ಮೆ ನೀರಿನಲ್ಲಿ ತಾಗಿದರೆ ಕುದುರೆ ಬಾಯಾರಿದರೂ ಹತ್ತಿರ ಬರುವುದಿಲ್ಲ.

ದಾರಿಯ ಪಕ್ಕ ಹಳದಿ ಹಿನ್ನೆಲೆಯ, ಕನಿಷ್ಠ 10 ಸೆಂ.ಮೀ.ಗೆ 20 ಸೆಂ.ಮೀ. ಅಳತೆಯ ಎಚ್ಚರಿಕೆ ಫಲಕ ಕನ್ನಡದಲ್ಲಿ ಇರಲಿ. ನೆರೆಯವರ ಬೇಲಿಗೆ ಬೇರೆ ಎನರ್ಜೈಸರ್ ಇದ್ದರೆ ಎರಡರ ನಡುವೆ 2.5 ಮೀಟರ್ ಬಿಡಿ. ಹೆದ್ದಾರಿಗೆ ತಾಗಿಕೊಂಡ ಜಮೀನಿಗೆ ಟೇಪು, ಹಗ್ಗವನ್ನಷ್ಟೇ ನಂಬಬೇಡಿ. ಬ್ಯಾಟರಿ ಇಳಿದ ಒಂದು ರಾತ್ರಿ ಸಾಕು. ಅಲ್ಲಿ ಹೊರಗೆ ಗಟ್ಟಿ ಮರದ ಅಥವಾ ಪೈಪಿನ ಬೇಲಿ ಇರಬೇಕು, ಒಳಗೆ ಬ್ರಾಕೆಟ್ ಮೇಲೆ ಒಂದೇ ಒಂದು ಹಗ್ಗ ಶಾಕ್ ಕೊಟ್ಟರೆ ಸಾಕಾಗುತ್ತದೆ.