ಬಿಗಿಯಾಗಿ ಕೂತಿದೆ ಅನ್ನಿಸಿದರೂ ಆಂಟೆನಾ ಮೌಂಟ್ ನಂಬಬೇಡಿ

ಗುಡ್ಡ, ತೋಟ ಅಂತ ಹೊರಗೆ ಹೋಗಿ ಹ್ಯಾಮ್ ರೇಡಿಯೊ (ಹವ್ಯಾಸಕ್ಕೆ ದೂರದವರ ಜೊತೆ ಮಾತಾಡುವ ರೇಡಿಯೊ) ನಡೆಸುವವರು ದಯವಿಟ್ಟು ಓದಿ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ, ವಿಪ್ (ಕಡ್ಡಿಯಂಥ ಆಂಟೆನಾ) ತಿರುಗಿಸಿ ಕೂರಿಸುವ ಆಂಟೆನಾ ಮೌಂಟ್‌ಗಳಿಗೆ 'ಎಲ್ಲಾ ವಿಪ್‌ಗೂ ಹೊಂದುತ್ತದೆ' ಅಂತ ಬರೆದಿರುತ್ತಾರಲ್ಲ, ಅಂಥದ್ದನ್ನು ಥ್ರೆಡ್ (ತಿರುಪಿನ ಸುರುಳಿ ಗೆರೆ) ಅಳತೆ ಕೇಳದೆ ತರಿಸಬೇಡಿ. ನಾನು ತರಿಸಿದ್ದರಿಂದ 5 ಮೀಟರ್ ಉದ್ದದ ಸ್ಟೀಲ್ ಕಡ್ಡಿ ಕೆಲಸ ಮಾಡುತ್ತಿದ್ದವರ ಪಕ್ಕದಲ್ಲೇ ಬಂದು ಬಿತ್ತು.

ಆಲ್ದೂರಿನ ಹತ್ತಿರ ಸ್ನೇಹಿತರ ಕಾಫಿ ತೋಟ. ಕುಯ್ಲು ಮುಗಿಯುತ್ತಾ ಬಂದಿತ್ತು. ಕಣದ ಅಂಚು ಎತ್ತರದಲ್ಲಿದೆ, ಹತ್ತಿರ ಮರ ಇಲ್ಲ, 20 ಮೀಟರ್ ಬ್ಯಾಂಡಿಗೆ (14 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ತರಂಗ) ಹೇಳಿ ಮಾಡಿಸಿದ ಜಾಗ. ಟ್ರೈಪಾಡ್ ಮೇಲೆ ಮೌಂಟ್, ಅದಕ್ಕೆ ಎಳೆದು ಉದ್ದ ಮಾಡುವ ವಿಪ್, ನೆಲದ ಮೇಲೆ ನಾಲ್ಕು ದಿಕ್ಕಿಗೆ ರೇಡಿಯಲ್ ತಂತಿ (ಆಂಟೆನಾದ ಇನ್ನರ್ಧದಂತೆ ಕೆಲಸ ಮಾಡುವುದು). 14.2 ಮೆಗಾಹರ್ಟ್ಸ್‌ಗೆ ವಿಪ್ ಕಾಲು ತರಂಗದಷ್ಟು ಉದ್ದ ಇರಬೇಕು, ಅಂದರೆ ಸುಮಾರು 5 ಮೀಟರ್ ಆಗುತ್ತದೆ. ಟ್ರೈಪಾಡ್ ಬೀಳದಿರಲಿ ಅಂತ ಕಲ್ಲು ತುಂಬಿದ ಚೀಲ ನೇತು ಹಾಕಿದ್ದೆ. ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ರೇಡಿಯೊಗೆ ಎಷ್ಟು ಶಕ್ತಿ ವಾಪಸ್ ಬರುತ್ತದೆ ಅನ್ನುವ ಅಳತೆ) ಚೆನ್ನಾಗಿತ್ತು.

ಆಮೇಲೆ ಗಾಳಿ ಎದ್ದಿತು. ವಿಪ್ ಬಾಗಿ ಬಾಗಿ ಏಳುತ್ತಿತ್ತು, ಅದು ಮಾಮೂಲಿ. ಒಂದು ಸಲ 'ಟಕ್' ಅಂತ ಸದ್ದಾಯಿತು. ತಿರುಗಿ ನೋಡಿದರೆ ಟ್ರೈಪಾಡ್ ಇದ್ದಲ್ಲೇ ಇದೆ, ಮೌಂಟೂ ಇದೆ, ವಿಪ್ ಮಾತ್ರ ಇಲ್ಲ! ಕಣದಲ್ಲಿ ಕಾಫಿ ಹರಡುತ್ತಿದ್ದ ಹೆಂಗಸೊಬ್ಬರು "ಅಯ್ಯೋ, ಏನ್ ಸಾರ್ ಇದು!" ಅಂತ ಪಕ್ಕಕ್ಕೆ ಹಾರಿ ನಿಂತರು. ಯಾರಿಗೂ ತಾಗಲಿಲ್ಲ, ಪುಣ್ಯ.

ಕಣದ ಇನ್ನೊಂದು ಬದಿಯಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಮನೆಗೆ ಹೋಗುವ ಕರೆಂಟ್ ಲೈನ್ ಇದೆ. ಅದರಿಂದ ಸಾಕಷ್ಟು ದೂರ ಇಟ್ಟಿದ್ದೆವು. ಮೆಣಸು ಕುಯ್ಯಲು ಸಿಲ್ವರ್ ಓಕ್‌ಗೆ ಇಡುವ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜೀವ ಹೋಗುವುದು ಈ ಕಡೆ ತೋಟದವರಿಗೆಲ್ಲ ಗೊತ್ತಿರುವ ವಿಷಯ. ಉದ್ದನೆಯ ವಿಪ್ಪೂ ಅಷ್ಟೇ ಅಪಾಯ. ಯಾವ ದಿಕ್ಕಿಗೆ ಬಿದ್ದರೂ ಲೈನು ಸಿಗದಷ್ಟು ದೂರದಲ್ಲೇ ನಿಲ್ಲಿಸಿ.

ಚಿಕ್ಕಮಗಳೂರಿನ ಒಂದು ಲೇತ್ ಅಂಗಡಿಗೆ ವಿಪ್ಪು, ಮೌಂಟು ಎರಡನ್ನೂ ತೆಗೆದುಕೊಂಡು ಹೋದೆ. ಅಲ್ಲಿಯವರು ವರ್ನಿಯರ್ ಹಿಡಿದು ಮೊದಲು ವಿಪ್‌ನ ಬೋಲ್ಟ್ ಅಳೆದರು. 9.5 ಮಿಲಿಮೀಟರ್. "ಇದು ಮೂರು ಸೂತು ಸಾರ್, ಸಣ್ಣ ಥ್ರೆಡ್ಡು. ಮೌಂಟ್‌ದು ಎಂ10. ಇವೆರಡನ್ನ ಯಾರು ಸೇರಿಸಿದ್ದು?" ಅಂದರು. ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, ಎಂ10 ಅಂದರೆ 10 ಮಿಲಿಮೀಟರ್ ಬೋಲ್ಟಿನ ಅಳತೆ. ವಿಪ್ ಮೂರು ಎಂಟಾಂಶ ಇಂಚಿಂದು, ಇಂಚಿಗೆ 24 ಥ್ರೆಡ್. ಅಂದರೆ ಒಂದು ಸುತ್ತಿಗೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಕೆಳಗಿಳಿಯುತ್ತದೆ. ಮೌಂಟ್‌ನ ಎಂ10 ಥ್ರೆಡ್ ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್. ಹಾಗಾಗಿ ಒಂದೆರಡು ಸುತ್ತಿಗೇ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ, ಕೈಗೆ ಭಾರೀ ಬಿಗಿಯಾಗಿದೆ ಅನ್ನಿಸುತ್ತದೆ, ಆದರೆ ಅಷ್ಟುದ್ದದ ಕಡ್ಡಿಯನ್ನು ಹಿಡಿದುಕೊಂಡಿರುವುದು ಆ ಒಂದೆರಡು ಸುತ್ತು ಮಾತ್ರ! ಗಾಳಿಯ ಎಳೆತವೆಲ್ಲ ಬೀಳುವುದೂ ಅಲ್ಲೇ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಇನ್ನೂ ಒಂಚೂರು ಒಳಗೆ ಹೋದೀತು, ಥ್ರೆಡ್ ಕೊಯ್ದುಕೊಂಡು.

ಮೌಂಟ್ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್ ಅಂತ ಬೇರೆ ಬರೆದಿದ್ದರು. ಥ್ರೆಡ್ ಕಿತ್ತು ಬಂದ ಜಾಗ ನೋಡಿದರೆ ಒಳಗೆ ಬೂದು ಬಣ್ಣದ ಎರಕ, ಹೊರಗೆ ಬರೀ ಪಾಲಿಶ್. ಮಾರಿದವರಿಗೆ ಫೋಟೋ ಸಮೇತ ಬರೆದೆ. ಬಳಸಿದ ಮಾಲು ವಾಪಸ್ ಇಲ್ಲ ಅಂದರು, ಮುಗಿಯಿತು. ದುಡ್ಡು ಹೋದದ್ದಕ್ಕಿಂತ ಅವರು ಇನ್ನೂ ಅದನ್ನೇ ಮಾರುತ್ತಿದ್ದಾರಲ್ಲ ಅನ್ನುವುದೇ ಸಿಟ್ಟು.

ಈಗಾಗಲೇ ತರಿಸಿದ್ದರೆ ಮನೆಯಲ್ಲೇ ನೋಡಿ. ವಿಪ್‌ನ ಬೋಲ್ಟ್ ಬೆರಳಲ್ಲೇ, ಬಲ ಹಾಕದೆ, ಬುಡದವರೆಗೆ ಸಲೀಸಾಗಿ ಇಳಿಯಬೇಕು. ಎರಡನೇ ಸುತ್ತಿಗೇ ನಿಂತರೆ ಅಲ್ಲಿಗೇ ಬಿಡಿ, ಜೋರು ಮಾಡಬೇಡಿ. ಸರಿಯಾದ ಅಡಾಪ್ಟರ್ ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ನನಗೆ ಸ್ಟೀಲಿನಲ್ಲಿ ಮಾಡಿಕೊಟ್ಟರು, ಆಮೇಲೆ ಗಾಳಿಗೂ ಅಲ್ಲಾಡಿಲ್ಲ. ಮೌಂಟ್ ಒಳಗಿನ ಬಿಳಿ ಪ್ಲಾಸ್ಟಿಕ್ ವಾಷರ್ ಕೂಡ ಪರೀಕ್ಷಿಸಿ. ಜಾಸ್ತಿ ಬಿಗಿ ಮಾಡಿದರೆ ಅದು ಸೀಳಿ, ವಿಪ್ಪು ಮೌಂಟ್‌ನ ಮೈಗೆ ತಾಗಿ ಶಾರ್ಟ್ ಆಗುತ್ತದೆ. ಕೇಬಲ್ ಹಾಕುವ ಮುಂಚೆ ಮಲ್ಟಿಮೀಟರ್‌ನ ಒಂದು ಕಡ್ಡಿ ವಿಪ್‌ಗೆ, ಇನ್ನೊಂದು ಮೌಂಟ್‌ಗೆ ಹಿಡಿಯಿರಿ. ಬೀಪ್ ಬಂದರೆ ಆ ವಾಷರ್ ಬದಲಾಯಿಸದೆ ಟ್ರಾನ್ಸ್‌ಮಿಟ್ ಮಾಡಬೇಡಿ.