ಸಮುದಾಯ ಸಸ್ಯೋದ್ಯಾನದ ವಸಂತಕಾಲದ ತರಗತಿಗಳು ಮತ್ತು ನಿಸರ್ಗ ನಡಿಗೆಗಳು: ನಾಲ್ಕು ವರ್ಷಗಳ ಬಳಿಕ

ಸ್ವಯಂಸೇವಕರೇ ನಡೆಸುವ ಸಮುದಾಯ ಸಸ್ಯೋದ್ಯಾನವೊಂದರಲ್ಲಿ ಪ್ರತಿ ವಸಂತದಲ್ಲಿ ಏರ್ಪಡುವ ತೋಟಗಾರಿಕೆ ತರಗತಿಗಳಿಗೂ ನಿಸರ್ಗ ನಡಿಗೆಗಳಿಗೂ ನಾನು ಸತತವಾಗಿ ನಾಲ್ಕು ವರ್ಷ ಹೋಗಿದ್ದೇನೆ. ಮೊದಲ ವರ್ಷದ ಕೊನೆಯಲ್ಲೇ ಬರೆಯಲು ಕುಳಿತಿದ್ದರೆ ತರಗತಿಗಳನ್ನು ಹೊಗಳಿ, ನಡಿಗೆಗಳನ್ನು ಕಾಲಹರಣವೆಂದು ತಳ್ಳಿಹಾಕುತ್ತಿದ್ದೆ. ಈಗ ಆ ಅಭಿಪ್ರಾಯ ಬಹುಮಟ್ಟಿಗೆ ತಿರುವುಮುರುವಾಗಿದೆ.

ಅವಧಿ ಎಂಟು ವಾರಗಳದು. ವಾರಕ್ಕೊಂದು ಎರಡು ಗಂಟೆಯ ತರಗತಿ, ಎರಡು ವಾರಕ್ಕೊಮ್ಮೆ ಬೆಳಗಿನ ನಡಿಗೆ. ಮೊದಲ ತರಗತಿಯಲ್ಲಿ ಗಿಡದ ಮಾತೇ ಬರುವುದಿಲ್ಲ, ಬರೀ ಮಣ್ಣು. ಪ್ರತಿಯೊಬ್ಬರೂ ಮನೆಯಿಂದ ತಂದ ಮಣ್ಣನ್ನು ಗಾಜಿನ ಭರಣಿಯಲ್ಲಿ ಮೂರರಲ್ಲೊಂದು ಭಾಗ ತುಂಬಿ, ನೀರು ಸುರಿದು, ಚಿಟಿಕೆ ಸಾಬೂನು ಪುಡಿ ಹಾಕಿ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಬೇಕು. ಒಂದು ನಿಮಿಷದೊಳಗೆ ಮರಳು ತಳ ಸೇರುತ್ತದೆ, ಕೆಲವು ಗಂಟೆಗಳಲ್ಲಿ ರೇವೆ ಅದರ ಮೇಲೆ ಕೂರುತ್ತದೆ, ಜೇಡಿ ಕೆಳಗಿಳಿಯಲು ಒಂದು ದಿನ ಅಥವಾ ಇನ್ನೂ ಹೆಚ್ಚು ಸಮಯ ಬೇಕಾಗುತ್ತದೆ. ಮೂರು ಪದರಗಳ ದಪ್ಪವನ್ನು ಅಳೆದರೆ ನಮ್ಮ ಮಣ್ಣು ಯಾವ ಬಗೆಯದೆಂಬುದು ಸ್ಥೂಲವಾಗಿ ತಿಳಿಯುತ್ತದೆ. ನನ್ನ ಭರಣಿಯ ನೀರು ಮೂರನೆಯ ದಿನವೂ ಕದಡಿಯೇ ಇತ್ತು. ಅದುವರೆಗೆ ಗಿಡ ಬಾಡಿದಾಗಲೆಲ್ಲ ಇನ್ನಷ್ಟು ನೀರು ಹಾಕುತ್ತಿದ್ದ ನಾನು, ನೀರು ಬಸಿಯದ ಜೇಡಿಯಲ್ಲಿ ಬೇರುಗಳಿಗೆ ಗಾಳಿ ಸಿಗದೆ ಉಸಿರು ಕಟ್ಟಿಸುತ್ತಿದ್ದೆನೆಂಬುದು ಆ ಭರಣಿಯಿಂದಲೇ ಗೊತ್ತಾಯಿತು. ಇಡೀ ಅವಧಿಯಲ್ಲಿ ಈ ಒಂದು ತರಗತಿಯ ಮಟ್ಟಕ್ಕೆ ಬರುವ ಇನ್ನೊಂದು ತರಗತಿಯಿಲ್ಲ ಎಂದರೆ ತಪ್ಪಾಗಲಾರದು.

ಬಿತ್ತನೆಯ ತರಗತಿಯ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಮುನಿಸೂ ಇದೆ. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಹೂಳಬಾರದು, ಪೆಟೂನಿಯಾ ಮತ್ತು ಬೆಗೋನಿಯಾಗಳಂಥ ಧೂಳಿನಷ್ಟು ಸಣ್ಣ ಬೀಜಗಳಿಗೆ ಮೊಳೆಯಲು ಬೆಳಕು ಬೇಕಾದ್ದರಿಂದ ಅವುಗಳ ಮೇಲೆ ಮಣ್ಣು ಮುಚ್ಚಲೇಬಾರದು ಎಂಬ ವಿಷಯಗಳನ್ನು ಕೈಯಲ್ಲಿ ಮಾಡಿಸಿಯೇ ಕಲಿಸಿದರು. ಆದರೆ ಮೊದಲ ವರ್ಷ ತರಗತಿಯ ಕೊನೆಗೆ ಗಾಜಿನ ಮನೆಯಲ್ಲಿ ಬೆಳೆದ ಹನ್ನೆರಡು ಎಳೆ ಸಸಿಗಳನ್ನು ಕೈಗಿತ್ತು, ಮನೆಗೆ ಹೋಗಿ ನೆಡಿ ಎಂದು ಕಳುಹಿಸಿದರು. ನಾನು ಅಂದೇ ಸಂಜೆ ಪಾತಿಯಲ್ಲಿ ನೆಟ್ಟೆ. ಗಾಳಿ, ನೇರ ಬಿಸಿಲು, ರಾತ್ರಿಯ ಚಳಿ ಯಾವುದನ್ನೂ ಕಾಣದ ಆ ಸಸಿಗಳಲ್ಲಿ ಒಂಬತ್ತು ಒಂದೇ ವಾರದಲ್ಲಿ ಸತ್ತವು. ಅವುಗಳನ್ನು ಏಳರಿಂದ ಹತ್ತು ದಿನಗಳ ಕಾಲ, ಮೊದಲು ಒಂದೆರಡು ಗಂಟೆ ನೆರಳಿನಲ್ಲಿ, ನಂತರ ಸ್ವಲ್ಪಸ್ವಲ್ಪವೇ ಹೆಚ್ಚು ಹೊತ್ತು ಬಿಸಿಲಿನಲ್ಲಿಟ್ಟು ಹದಗೊಳಿಸಬೇಕೆಂಬ ಪಾಠವು ಮೂರು ವಾರಗಳ ನಂತರದ ತರಗತಿಯಲ್ಲಿ ಬಂದಿತು! ನಾನೊಬ್ಬನೇ ಅಲ್ಲ, ಅರ್ಧ ತರಗತಿಯೇ ಈ ಬಗ್ಗೆ ದೂರಿದ ಮೇಲೆ ಮರುವರ್ಷ ಪಾಠಗಳ ಕ್ರಮ ಬದಲಾಯಿತು. ದೂರನ್ನು ಕಿವಿಗೆ ಹಾಕಿಕೊಂಡರು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಕಾಂಪೋಸ್ಟ್ ಮತ್ತು ಕಸಿಯ ತರಗತಿಗಳು ಸಾಧಾರಣವಾಗಿದ್ದವು. ಕೊಂಬೆ ಸವರುವ ತರಗತಿಯಲ್ಲಿ ಮಾತ್ರ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯಿತು. ಕೊಂಬೆಯು ಕಾಂಡವನ್ನು ಕೂಡುವಲ್ಲಿ ತುಸು ಉಬ್ಬಿದ ಕೊರಳಿನಂಥ ಭಾಗವಿರುತ್ತದೆ, ಗಾಯವನ್ನು ಮುಚ್ಚುವ ಅಂಗಾಂಶ ಅಲ್ಲಿಂದಲೇ ಬೆಳೆಯುವುದರಿಂದ ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು, ಕತ್ತರಿಸಿದ ಜಾಗಕ್ಕೆ ಬಣ್ಣ ಬಳಿಯುವುದರಿಂದ ಗಾಯವೇನೂ ಬೇಗ ಮಾಯುವುದಿಲ್ಲ ಎಂದು ವಿವರಿಸಿದರು. ಅಷ್ಟು ವರ್ಷ ಶ್ರದ್ಧೆಯಿಂದ ಬಣ್ಣ ಬಳಿದವನು ನಾನು.

ಇನ್ನು ನಡಿಗೆಗಳು. ಮೊದಲ ವರ್ಷ ಇವು ನನಗೆ ಏಕೆ ಹಿಡಿಸಲಿಲ್ಲವೆಂದರೆ, ಎರಡು ಗಂಟೆಯಲ್ಲಿ ನಾವು ನಡೆದದ್ದು ಅರ್ಧ ಕಿಲೋಮೀಟರ್ ಕೂಡ ಆಗಿರಲಿಲ್ಲ. ಮಾರ್ಗದರ್ಶಕರು ಪ್ರತಿಯೊಬ್ಬರಿಗೂ ಒಂದೊಂದು ಮರವನ್ನು ಗೊತ್ತುಮಾಡಿ, ಪ್ರತಿ ನಡಿಗೆಯಲ್ಲೂ ಅದೇ ಮರದ ಅದೇ ಕೊಂಬೆಯ ಮುಂದೆ ನಿಲ್ಲಿಸಿ, ಮೊಗ್ಗಿನ ಸ್ಥಿತಿಯನ್ನು ದಿನಾಂಕದೊಂದಿಗೆ ಬರೆಸುತ್ತಿದ್ದರು. ನನಗೆ ಸಿಕ್ಕ ಬರ್ಚ್ ಮರ ಮೊದಲ ನೋಟಕ್ಕೆ ಒಣಗಿದಂತೆಯೇ ಇತ್ತು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವನ್ನು ಮರದ ಬಳಿ ಹಿಡಿದು ದೂರದಿಂದ ಇಣುಕುತ್ತಿದ್ದ ನನಗೆ, ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ಮೊಗ್ಗನ್ನೇ ಎರಡೂವರೆ ಸೆಂಟಿಮೀಟರ್‌ನಷ್ಟು ಹತ್ತಿರ ತರಬೇಕೆಂದು ತೋರಿಸಿಕೊಟ್ಟರು. ಆಗ ಕಂಡದ್ದು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಪುಟ್ಟ ಹೊದಿಕೆಗಳು. ಎಲೆ ಮೂಡುವ ಹೊತ್ತಿಗೇ ಮರದಲ್ಲಿ ಜೋತಾಡುವ ಹೂಗೊಂಚಲುಗಳಿಂದ ಹಳದಿ ಪರಾಗ ಹೊಗೆಯಂತೆ ಎದ್ದಿತು. ಗಾಳಿಯನ್ನೇ ನಂಬಿದ ಮರ ಎಲೆಗಳು ದಟ್ಟವಾಗಿ ಅಡ್ಡಬರುವ ಮೊದಲೇ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ ಎಂಬುದನ್ನು ಯಾರೂ ಪಾಠವಾಗಿ ಹೇಳುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ನಡಿಗೆ ಗಾಜಿನ ಮನೆಯಲ್ಲಿ ಕೊನೆಗೊಂಡಿತು. ಬದನೆ ಹೂವಿನ ಪರಾಗಕೋಶಗಳು ತುದಿಯಲ್ಲಿ ಸಣ್ಣ ರಂಧ್ರವಷ್ಟೇ ಇರುವ ಕೊಳವೆಗಳು. ಉಪ್ಪಿನ ಡಬ್ಬಿಯಂತೆ ಅಲುಗಾಡಿಸಿದರೆ ಮಾತ್ರ ಪರಾಗ ಉದುರುತ್ತದೆ. ಬಡಗಿ ದುಂಬಿಗಳೂ ಬಂಬಲ್ ದುಂಬಿಗಳೂ ಹೂವನ್ನು ಅಪ್ಪಿಕೊಂಡು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಅದನ್ನು ಉದುರಿಸಬಲ್ಲವು, ಜೇನ್ನೊಣಗಳಿಗೆ ಆ ವಿದ್ಯೆ ಇಲ್ಲ. ಮಾರ್ಗದರ್ಶಕರು ಜೇಬಿನಿಂದ ಶ್ರುತಿಕವೆಯನ್ನು, ಅಂದರೆ ಬಡಿದರೆ ಕಂಪಿಸುವ ಲೋಹದ ಕವೆಯನ್ನು, ತೆಗೆದು, ಮೊಣಕಾಲಿಗೆ ಬಡಿದು ಹೂವಿಗೆ ತಾಗಿಸಿದರು. ಕೆಳಗೆ ಹಿಡಿದಿದ್ದ ಕಪ್ಪು ಕಾಗದದ ಮೇಲೆ ಪರಾಗ ಉದುರಿತು. ಕೆಲವು ವರ್ಷಗಳಿಂದ ಬಲೆ ಹೊದಿಸಿ ಬದನೆ ಬೆಳೆದು, ಕಾಯಿ ಕಚ್ಚುತ್ತಿಲ್ಲವೆಂದು ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಿದ್ದ ಸಹಪಾಠಿಯೊಬ್ಬರು ಅಲ್ಲೇ ಹಣೆ ಚಚ್ಚಿಕೊಂಡರು.

ಉದ್ಯಾನದ ಫಲಕಗಳನ್ನು ಓದಲು ಕಲಿಸಿದ್ದೂ ನಡಿಗೆಗಳಲ್ಲೇ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಕ್ರಮಬದ್ಧವಾಗಿ ಬಳಸಿದ ಎರಡು ಪದಗಳ ಹೆಸರು, ಅದರ ಜೊತೆಗೆ ಕುಟುಂಬದ ಹೆಸರು, ಮೂಲೆಯಲ್ಲೊಂದು ದಾಖಲೆ ಸಂಖ್ಯೆ. ಆ ಸಂಖ್ಯೆಯಿಂದ ಗಿಡ ಯಾವ ವರ್ಷ ಎಲ್ಲಿಂದ ಬಂದಿತೆಂಬುದನ್ನು ಕಡತದಲ್ಲಿ ಹುಡುಕಬಹುದು. ಸಾಮಾನ್ಯ ಉದ್ಯಾನವನಕ್ಕೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ಈ ಕಡತವೇ.

ಕುಂದುಗಳು ಇಲ್ಲದಿಲ್ಲ. ಮೂರನೆಯ ವರ್ಷ ಹದಿನೈದು ಜನರ ತರಗತಿಗೆ ಇಪ್ಪತ್ತಾರು ಜನರನ್ನು ಸೇರಿಸಿಕೊಂಡರು. ಕಸಿ ಚಾಕುಗಳು ಆರೇ ಇದ್ದುದರಿಂದ ಉಳಿದವರು ನೋಡುತ್ತ ನಿಲ್ಲಬೇಕಾಯಿತು. ಮಳೆಯಿಂದ ರದ್ದಾದ ನಡಿಗೆಯ ಬದಲಿಗೆ ಬೇರೆ ದಿನ ಕೊಡುವ ಪದ್ಧತಿ ಈಗಲೂ ಇಲ್ಲ. ದುರ್ಬೀನುಗಳು ಉದ್ಯಾನದವೇ ಆದರೂ ಅರ್ಧಕ್ಕರ್ಧ ಮಸೂರಗಳಲ್ಲಿ ಬೂಷ್ಟು ಹಿಡಿದಿದೆ, ಆದ್ದರಿಂದ ಸ್ವಂತದ್ದಿದ್ದರೆ ಒಯ್ಯುವುದು ಒಳ್ಳೆಯದು. ಕೊಡುವ ಟಿಪ್ಪಣಿಗಳು ಹಳೆಯವು, ನಾಲ್ಕು ವರ್ಷದಿಂದ ಅದೇ ಕಾಗುಣಿತದ ತಪ್ಪುಗಳು.

ಬೇಗನೆ ತರಕಾರಿ ತೆಗೆಯಬೇಕೆಂಬ ಒಂದೇ ಉದ್ದೇಶವಿರುವವರು ಮಣ್ಣು, ಬಿತ್ತನೆ, ಸಸಿ ಹದಗೊಳಿಸುವಿಕೆ ಈ ಮೂರು ತರಗತಿಗಳಿಗೆ ಮಾತ್ರ ಹೆಸರು ಕೊಟ್ಟರೆ ಸಾಕು. ಒಂದಕ್ಕಿಂತ ಹೆಚ್ಚು ವಸಂತ ಹೋಗಲು ಸಾಧ್ಯವಿರುವವರು ಮೊದಲ ದಿನವೇ ನಡಿಗೆಗೆ ಸೇರಿ, ಅದೇ ಮರವನ್ನೇ ಪ್ರತಿ ವರ್ಷ ಕೇಳಿ ಪಡೆಯಬೇಕು. ನಾನು ಐದನೆಯ ವರ್ಷಕ್ಕೆ ನಡಿಗೆಗಳಿಗಷ್ಟೇ ಹೆಸರು ನೋಂದಾಯಿಸಿದ್ದೇನೆ, ಆ ಬರ್ಚ್ ಮರವನ್ನು ಬೇರೆಯವರಿಗೆ ಕೊಡಬೇಡಿ ಎಂದು ಅರ್ಜಿಯ ಕೆಳಗೆ ಒಂದು ಸಾಲನ್ನೂ ಸೇರಿಸಿದ್ದೇನೆ.